ಇಟಲಿಯವನ ಹಲ್ಲು

ಹೆಗ್ಗದ್ದೆಯ ಕಾಫಿ ಕಣದ ಸಾರ್ವಭೌಮ, ಕಲ್ಲು ಆರಿಸುವುದರಲ್ಲಿ ಲೋಕವಿಖ್ಯಾತ, ನನ್ನ ಸೋದರಮಾವನೂ ಆದ ನಿನಗೆ,

ಮಾವ, ಟ್ರಿಯೆಸ್ತೆಗೆ ಹೋಗಿಬಂದೆ. ನಮ್ಮ ಕಾಫಿ ಇಟಲಿಯಲ್ಲಿ ಹಡಗಿನಿಂದ ಇಳಿಯುವುದು ಆ ಊರಲ್ಲೇ ಎಂದು ಬಾಳ್ಳುಪೇಟೆಯ ವ್ಯಾಪಾರಿ ಹೇಳಿದ್ದೇ ಹೇಳಿದ್ದು, ನೀನು ಕಣದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಫಿ ಬೀಜದೊಳಗಿನ ಕಲ್ಲು ಹೆಕ್ಕತೊಡಗಿದೆ. ಅದನ್ನೆಲ್ಲ ಮಿಷಿನ್ ತೆಗೆಯುತ್ತದೆ ಎಂದು ನಾನು ಹೇಳಿದರೆ, "ಮಿಷಿನ್‌ಗೆ ಹಲ್ಲೈತೇನೋ? ಇಟಲಿಯೋನ ಹಲ್ಲು ಮುರಿದ್ರೆ ಯಾರ್ಲಾ ಜವಾಬ್ದಾರಿ?" ಎನ್ನುತ್ತಿದ್ದೆ. ಊಟಕ್ಕೆ ಕರೆಯಲು ಬಂದಾಗಲೆಲ್ಲ ನಾನು ಕೈಕಟ್ಟಿ ನಿಂತು, "ಇಟಲಿಯ ದಂತರಕ್ಷಕರು ಏಳಬೇಕು" ಎಂದು ವಿನಂತಿಸುತ್ತಿದ್ದೆ.

ಬೆಳೆಗಾರರ ಇಟಲಿ ಪ್ರವಾಸಕ್ಕೆ ನಮ್ಮಿಬ್ಬರ ಹೆಸರನ್ನೂ ಬರೆಸಿದ್ದೆ. ವೀಸಾ ಬಂತು, ನಿನಗೆ ಸ್ವೆಟರ್ ಬಂತು. ಆಮೇಲೆ ಒಂದು ಮಧ್ಯಾಹ್ನ, ಕಣದಲ್ಲಿ, ಅದೇ ಕುಕ್ಕರಗಾಲಲ್ಲಿ ನೀನು… ಹನ್ನೊಂದರ ದಿನ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಆ ಊರು ನೋಡುವ ಆಸೆ ಉಳಿದುಹೋಯಿತು ಎಂದು ಅತ್ತೆ ಅವತ್ತಿನಿಂದ ಕಾಫಿ ಮುಟ್ಟಿಲ್ಲ. ಹೊರಡುವಾಗ ನನ್ನ ಚೀಲಕ್ಕೆ ಕೋಡುಬಳೆ ತುಂಬಿ, ಅಲ್ಲೇ ಎಡೆ ಇಡು ಎಂದಳು.

ಊರು ಹೇಗಿದೆ ಎಂದು ಕೇಳುತ್ತೀಯಾ? ದೊಡ್ಡ ಚೌಕ, ಮೂರು ಕಡೆ ಅರಮನೆಯಂಥ ಕಟ್ಟಡ, ನಾಲ್ಕನೆಯ ಕಡೆ ಸಮುದ್ರ. ರೋಮನ್ನರ ರಂಗಮಂದಿರವೊಂದು ಅಂಗಡಿ ಸಾಲಿನ ಮಗ್ಗುಲಲ್ಲೇ ಬಿದ್ದುಕೊಂಡಿದೆ. ಎಲ್ಲರೂ ಫೋಟೊ ತೆಗೆದುಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ಇಷ್ಟೊಂದು ಕಲ್ಲು, ಮಾವನನ್ನು ಇಲ್ಲಿ ಬಿಟ್ಟಿದ್ದರೆ ಸಂಜೆಯೊಳಗೆ ಆರಿಸಿ ಗುಡ್ಡೆ ಹಾಕುತ್ತಿದ್ದ ಅಂದುಕೊಂಡೆ. ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಕಾಫಿ ಅಂಗಡಿಯ ಮುದುಕನಿಗೆ ಕೈಸನ್ನೆ ಮಾಡಿ, ಅಂಗೈಯಗಲದ ಲೋಟ ಕಾಫಿ ಇಸಿದುಕೊಂಡು, ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆಯ ತುದಿಯಲ್ಲಿ ಒಂದು ಕೋಡುಬಳೆಯ ಜೊತೆ ಎಡೆ ಇಟ್ಟೆ. ಒಂದು ಕಾಗೆಯೂ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬೇರೊಂದು ಹಕ್ಕಿ ಬಂತು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ.

"ಕಾಗೆ ಮುಟ್ತೇನೋ?"

"ಕಾಗೆ ಅಲ್ಲತ್ತೆ. ಬೆಳ್ಳಗಿತ್ತು, ಬಾತುಕೋಳಿಯಷ್ಟು ದಪ್ಪ. ಕೋಡುಬಳೆ ಹಂಗೇ ನುಂಗ್ಬುಡ್ತು."

"ಸತ್ತೋರ ವಿಷ್ಯದಲ್ಲೂ ತಮಾಷೆನಾ ನಿಂಗೆ?"

ಜೀವಮಾನದಲ್ಲಿ ಮೊದಲ ಸಲ ನಿಜ ಹೇಳುತ್ತಿದ್ದೆ ಮಾವ, ನಂಬುವವರಿಲ್ಲ. ಆಣೆ ಮಾಡಿದೆ.

"ಒಂದೇ ಇಟ್ಟಿದ್ಯಾ?"

"ಹೂಂ."

"ಇನ್ನೊಂದಿಡು. ಒಂದಕ್ಕೇ ಯಾವತ್ತು ಎದ್ದವ್ರೆ ಅವ್ರು?"

ಇಟ್ಟೆ. ಅದೂ ಹೋಯಿತು. ಅಷ್ಟರಲ್ಲಿ ಫೋನಿನ ಆ ಕಡೆ ಸ್ಟೌ ಹಚ್ಚಿದ ಸದ್ದು ಕೇಳಿಸಿತು. ಏನತ್ತೆ ಎಂದರೆ, ಕಾಫಿಗೆ ನೀರಿಟ್ಟೆ ಎಂದಳು.

ಇನ್ನು ನಿನಗೆ ತಲುಪಿಸಬೇಕಾದ ವರದಿ ಒಂದಿದೆ. ಖಾಲಿ ಲೋಟ ಹಿಂದಿರುಗಿಸಿದಾಗ ಮುದುಕ ನಕ್ಕ. ನಾನು ಬಗ್ಗಿ, ನಾಚಿಕೆ ಬಿಟ್ಟು ನೋಡಿದೆ. ಎಲ್ಲ ಹಲ್ಲೂ ನೆಟ್ಟಗಿವೆ ಮಾವ. ಒಂದೂ ಮುರಿದಿಲ್ಲ. ಇನ್ನು ಏಳಬಹುದು.