ಮಾವನ ಕುರುಡು ಸಹಿ

ಬಳ್ಳಾರಿ
೧೨ ಮಾರ್ಚ್ ೨೦೨೫

ಸಿರುಗುಪ್ಪದ ಅಡುಗೆಮನೆಯ ಏಕಚಕ್ರಾಧಿಪತಿಯೂ, ಒಗ್ಗರಣೆ ಮಂಡಕ್ಕಿಯ ಮಹಾಮಂಡಲೇಶ್ವರಿಯೂ, ಹೈಸ್ಕೂಲು ಹೆಡ್‌ಮಾಸ್ತರರ ಧರ್ಮಪತ್ನಿಯೂ ಆದ ಶ್ರೀಮತಿ ದಾಕ್ಷಾಯಣಿ ಅತ್ತೆಯವರ ಪಾದಕ್ಕೆ ಅಣ್ಣನ ಮಗಳು ಅನಿತಾ ಅಡ್ಡಬಿದ್ದು ಅರಿಕೆ ಮಾಡುವುದೇನೆಂದರೆ—

ಅತ್ತೆ, ಈ ಕಾಗದದ ಜೊತೆ ನಿನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಇದೆ. ಪರೀಕ್ಷೆ ಕುರುಗೋಡಿನಲ್ಲಿ. ವಾಟ್ಸಾಪಿನಲ್ಲಿ ಕಳಿಸಲಿಲ್ಲ, ನಿನ್ನ ಫೋನನ್ನು ನಿನಗಿಂತ ಮೊದಲು ಮಾವ ನೋಡುತ್ತಾರೆ. ಫೀಸನ್ನೂ ನನ್ನ ಫೋನಿನಿಂದಲೇ ಕಟ್ಟಿದೆ. ನಿನ್ನ ಬ್ಯಾಂಕ್ ಖಾತೆಗೆ ಮಾವನ ನಂಬರು ಕೊಟ್ಟಿದ್ದೀಯಲ್ಲ, ನೀನು ಕೊತ್ತಂಬರಿ ಕೊಂಡರೂ ಅವರ ಜೇಬಿನಲ್ಲಿ ಗಂಟೆ ಬಾರಿಸುತ್ತದೆ.

ನಾನು ದೀಪಾವಳಿಗೆ ಬಂದಾಗ ರೊಟ್ಟಿ ತಟ್ಟುತ್ತ ನೀನು ಹೇಳಿದ್ದು ಮರೆತಿಲ್ಲ. “ಇಪ್ಪತ್ತಾರು ವರ್ಷದ ಹಿಂದ ಗಣಿತದಾಗ ಫೇಲಾದಾಕಿ ನಾನು. ಹೆಡ್‌ಮಾಸ್ತರ ಹೆಣ್ತಿ ಮತ್ತ ಫೇಲಾದ್ರ, ಅದು ನಿಮ್ಮ ಮಾವಗ ಗೊತ್ತಾಗಬಾರದು.”

ಆದರೆ ಪರೀಕ್ಷೆಯ ಅರ್ಜಿಗೆ ಲಗತ್ತಿಸುವ ನಿನ್ನ ಹಳೆಯ ಅಂಕಪಟ್ಟಿಯ ಜೆರಾಕ್ಸಿಗೆ ಒಬ್ಬ ಹೆಡ್‌ಮಾಸ್ತರರ ಸಹಿ ಬೇಕಿತ್ತು. ತಾಲ್ಲೂಕಿನಲ್ಲಿ ಯಾರ ಹತ್ತಿರ ಹೋದರೂ ಸಂಜೆಯೊಳಗೆ ಮಾವನಿಗೆ ಸುದ್ದಿ. ಆಗ ಕಾಲೇಜಿನ ಪಾಠ ನೆನಪಾಯಿತು. ಡಿಜಿಟಲ್ ಹಣದಲ್ಲಿ ಗುಟ್ಟು ಕಾಯಲು ನೋಟನ್ನು ಗಣಿತಸೂತ್ರದ ಲಕೋಟೆಯೊಳಗೆ ಮುಚ್ಚಿ ಬ್ಯಾಂಕಿಗೆ ಕೊಡುತ್ತಾರೆ. ಬ್ಯಾಂಕು ಒಳಗಿನದನ್ನು ನೋಡದೆ ಸಹಿ ಹಾಕುತ್ತದೆ. ಮುಂದೆ ಆ ನೋಟು ತಿರುಗಿ ಬಂದಾಗ ಸಹಿ ತನ್ನದೆಂದು ಒಪ್ಪುತ್ತದೆ, ಖರ್ಚು ಮಾಡಿದವರು ಯಾರೆಂದು ಮಾತ್ರ ಅದಕ್ಕೆ ತಿಳಿಯದು. ಕುರುಡು ಸಹಿ ಅಂತ ಅದರ ಹೆಸರು.

ಮಾವನನ್ನೇ ಬ್ಯಾಂಕು ಮಾಡಿದೆ. ಲಕೋಟೆಯೊಳಗೆ ನಿನ್ನ ಅಂಕಪಟ್ಟಿ, ಅದರ ಮೇಲೆ ಕಾರ್ಬನ್ ಹಾಳೆ. ಕಾಲೇಜಿನ ಪ್ರಯೋಗ, ಒತ್ತಿ ಸಹಿ ಹಾಕಬೇಕು ಅಂದೆ. “ಒಳಗ ಏನೈತವ್ವಾ?” ಎಂದರು. ಅದನ್ನು ಹೇಳಿದರೆ ಪ್ರಯೋಗವೇ ಕೆಟ್ಟಿತು ಅಂದೆ. ಹಾಕಿಕೊಟ್ಟರು. ನೀನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಗುತ್ತಿದ್ದೆ.

ಇನ್ನೇನು, ಧೈರ್ಯವಾಗಿ ಹೋಗಿ ಬರೆ. ಮನೆಯಲ್ಲಿ ಕುರುಗೋಡಿನ ದೊಡ್ಡ ಬಸವಣ್ಣನಿಗೆ ಹರಕೆ ಅನ್ನು. ಗಣಿತದ ಪರೀಕ್ಷೆಗೆ ಹಿಂದಿನ ಭಾನುವಾರ ಲೆಕ್ಕ ಹೇಳಿಕೊಡಲು ನಾನು ಬರುತ್ತೇನೆ, ಮಂಡಕ್ಕಿ ತಯಾರಿರಲಿ.

ಇಂತಿ, ಸಕಲ ಗುಟ್ಟುಗಳ ಕಾವಲುಗಾರ್ತಿ,
ಅನಿತಾ

ತಾ.ಕ.: ಬೈಯಬೇಡ. ಆವತ್ತು ಕಾರ್ಬನ್ ಹಾಳೆಯನ್ನು ಉಲ್ಟಾ ಇಟ್ಟಿದ್ದೆ. ಸಹಿ ಪೂರ್ತಿ ಲಕೋಟೆಯ ಒಳಮೈಗೆ ಅಂಟಿತ್ತು, ನಿನ್ನ ಅಂಕಪಟ್ಟಿ ಬರಿದೋ ಬರಿದು. ಮರುದಿನ ಮಾವನ ಶಾಲೆಗೇ ಹೋಗಿ ಅದನ್ನು ಅವರ ಮೇಜಿನ ಮೇಲಿಟ್ಟೆ. ನಿನ್ನ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಸಹಿ ಹಾಕಿದರು, ನನಗೆ ಹೊಳೆದೇ ಇರದ ಮೊಹರನ್ನೂ ಒತ್ತಿದರು. “ಚಷ್ಮಾ ಇಲ್ದ ನನಗೇನೂ ಕಾಣಂಗಿಲ್ಲ. ಪಾಸೋ ಫೇಲೋ, ನಾ ಕೇಳಂಗಿಲ್ಲ. ಆಕಿಗೆ ಹೇಳಬ್ಯಾಡ.”