ನಂಬರ್ ಎರಡರ ಬ್ಯಾರಲ್

ಹಿರೇವಡ್ಡಟ್ಟಿ,
18 ಜನವರಿ 2025, ಶನಿವಾರ

ನನ್ನವ್ವಾ ಸುಶ್ಮಿತಾ,

ಅಪ್ಪ ಪತ್ರ ಬರೆದಿದ್ದಾನೆ ಎಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮವ್ವ ಈಗ ಹೊಲದಲ್ಲಿದ್ದಾಳೆ, ಬಿಳಿಜೋಳಕ್ಕೆ ಹಕ್ಕಿ ಬೀಳುತ್ತಿವೆ. ಇಪ್ಪತ್ತು ವರ್ಷ ಮಷೀನ್ ಗನ್ ಹಿಡಿದವನಿಗೆ ಒಂದು ಕವಣೆ ಬೀಸಲು ಬರುವುದಿಲ್ಲ ಎಂದು ಓಣಿಯವರೆಲ್ಲರ ಮುಂದೆ ನನ್ನ ಮಾನ ಕಳೆದು, ತಾನೇ ಹೋದಳು. ಇದನ್ನೆಲ್ಲ ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ಆಗ ನಾನು ಅದೇ ನೆಪ ಮಾಡಿಕೊಂಡು ಬೇರೆ ಮಾತಿಗೆ ಜಾರಿಬಿಡುತ್ತೇನೆ. ಹಾಗಾಗಿ ಕಾಗದ ಹಿಡಿದು ಕುಳಿತಿದ್ದೇನೆ.

ಸಂಕ್ರಮಣದ ದಿನ ನೀನು ಪುಣೆಯಿಂದ ಫೋನ್ ಮಾಡಿ ನಿನ್ನ ಟಿಪ್ಪಣಿ ಓದಿ ಹೇಳಿದೆಯಲ್ಲ, ಅದರ ವಿಷಯ ಇದು. ಹತ್ತು ಜನರ ಸೆಕ್ಷನ್ನಿಗೆ ನಿಮ್ಮ ಆಫೀಸಿನವರು ಹೊಸ ಲೈಟ್ ಮಷೀನ್ ಗನ್ ಮಾಡುತ್ತಿದ್ದಾರೆ. ಬಿಚ್ಚಿ ಬದಲಿಸುವಂಥ ಬ್ಯಾರಲ್ ಇಟ್ಟು ಜೊತೆಗೊಂದು ಬಿಡಿ ಬ್ಯಾರಲ್ ಕೊಡಬೇಕೋ, ಬಿಚ್ಚಲು ಬಾರದ ದಪ್ಪ ಬ್ಯಾರಲ್ ಒಂದನ್ನೇ ಕೂರಿಸಬೇಕೋ ಎಂದು ನಿಮ್ಮಲ್ಲಿ ಜಗಳ. ಬಳಸುವ ಸಿಪಾಯಿಯ ಕಡೆಯಿಂದ ಅಭಿಪ್ರಾಯ ಬರೆಯುವ ಕೆಲಸ ನಿನ್ನದು, ತಿಂಗಳ ಕೊನೆಗೆ ಅದು ಮೇಲಿನವರ ಮೇಜಿಗೆ ಹೋಗಬೇಕು. ನೀನು ಓದಿದ ಒಂದು ಸಾಲು ಇನ್ನೂ ನನ್ನ ಕಿವಿಯಲ್ಲಿದೆ: "ಎತ್ತರದ ಠಾಣೆಗೆ ಏರುವಾಗ ನಂಬರ್ ಎರಡು (ಗನ್ನಿನ ಸಹಾಯಕ ಸಿಪಾಯಿ) ಅಜಾಗರೂಕತೆಯಿಂದ ಬಿಡಿ ಬ್ಯಾರಲನ್ನು ಕೆಳಗೇ ಮರೆತು ಬಂದ ಪ್ರಸಂಗವಿದೆ. ಆಧಾರ: ನಿವೃತ್ತ ಹವಾಲ್ದಾರ ದೇವೇಂದ್ರಪ್ಪ." ಓದಿ ಮುಗಿಸಿ, "ಸರಿ ಐತಿಲ್ಲಪ್ಪಾ?" ಎಂದು ಕೇಳಿದೆ. ನಾನು "ಸರಿ ಐತಿ" ಎಂದೆ.

ಸರಿ ಇಲ್ಲ. ನೀನು ಮೂರನೇ ಇಯತ್ತೆಯಲ್ಲಿದ್ದಾಗಿನಿಂದ ಆ ಕಥೆಯನ್ನು ನಿನಗೆ ಹೇಳುತ್ತ ಬಂದಿದ್ದೇನೆ, ಮರೆಗುಳಿ ನಂಬರ್ ಎರಡರ ಕಥೆ. ಶಾಲೆಗೆ ನೀನು ಕಂಪಾಸು ಮರೆತು ಹೋದ ದಿನವೆಲ್ಲ ಅದನ್ನೇ ಹೇಳಿ ಬೈಯುತ್ತಿದ್ದೆ. ಮನೆಯೊಳಗೆ ಹೇಳಿದ ಮಾತು ಮನೆಯೊಳಗೇ ಇರುತ್ತದೆ ಎಂದುಕೊಂಡಿದ್ದೆ. ಈಗ ಅದು ಉಕ್ಕಿನಲ್ಲಿ ಎರಕವಾಗಲು ಹೊರಟಿದೆ.

ನನಗೆ ಮೊದಲ ಸಲ ಎಲ್‌ಎಂಜಿ ಕಲಿಸಿದ ಉಸ್ತಾದರು ಅದನ್ನು ಬಿಚ್ಚುವ ಮುಂಚೆ ಅದರ ವಂಶಾವಳಿ ಹೇಳಿದ್ದರು. ನಿನಗೆ ಇದೆಲ್ಲ ಗೊತ್ತು, ಆದರೂ ಮುದುಕನ ಬಾಯಿಂದ ಒಮ್ಮೆ ಕೇಳು. ಮೊದಲಿನ ಮಷೀನ್ ಗನ್ನಿಗೆ ಬ್ಯಾರಲ್ ಸುತ್ತ ನೀರು ತುಂಬಿದ ಕೊಳವೆ ಇರುತ್ತಿತ್ತು, ಕೆಳಗೆ ಮೂರು ಕಾಲು, ಎತ್ತಿ ಒಯ್ಯಲು ನಾಲ್ಕಾರು ಜನ. ಸಿಪಾಯಿ ಮುಂದೆ ಓಡಿದರೆ ಅದು ಹಿಂದೆ ಕೂತಿರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಜನ ರಾಶಿಗಟ್ಟಲೆ ಸತ್ತ ಮೇಲೆ, ಒಬ್ಬನೇ ಹೊತ್ತು ಓಡುವಂಥದ್ದು ಬೇಕು ಎಂದು ಎಲ್ಲ ದೇಶದವರಿಗೂ ಅನ್ನಿಸಿತು. ನೀರು ತೆಗೆದರು, ಮೂರು ಕಾಲನ್ನು ಎರಡು ಮಾಡಿದರು. ಭಾರವೇನೋ ಇಳಿಯಿತು, ಕಾವು ಮಾತ್ರ ಬ್ಯಾರಲ್ಲಿನಲ್ಲೇ ಉಳಿಯಿತು. ಅದಕ್ಕೆ ಇನ್ನೊಂದು ಬ್ಯಾರಲ್ ಕೊಟ್ಟರು, ಅದನ್ನು ಹೊರಲು ಇನ್ನೊಬ್ಬನನ್ನು ಕೊಟ್ಟರು. ಬಂದೂಕು ಹಗುರವಾಯಿತು, ಭಾರ ನಂಬರ್ ಎರಡರ ಬೆನ್ನಿಗೆ ಹೋಯಿತು ಎಂದು ಹೇಳಿ ಉಸ್ತಾದರು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ನಾನು ನಂಬರ್ ಒಂದು, ಗುಂಡು ಹಾರಿಸುವವನು. ನನ್ನ ನಂಬರ್ ಎರಡು ಲಕ್ಷ್ಮೇಶ್ವರದ ಯೂಸುಫ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆಯವನು. ಇಡೀ ಕಂಪನಿಯಲ್ಲಿ ನಮ್ಮ ಕಡೆಯ ಕನ್ನಡ ಮಾತಾಡುವವರು ನಾವಿಬ್ಬರೇ. ಮ್ಯಾಗಝಿನ್ನಿನಲ್ಲಿ ಮೂವತ್ತು ಗುಂಡು ಹಿಡಿಸಿದರೂ ಅವನು ಇಪ್ಪತ್ತೆಂಟೇ ತುಂಬುತ್ತಿದ್ದ, ಸ್ಪ್ರಿಂಗಿಗೂ ಉಸಿರಾಡಲು ಜಾಗ ಬೇಕು ಎನ್ನುತ್ತಿದ್ದ. ಒಂದೇ ಸಮನೆ ಹತ್ತು ಮ್ಯಾಗಝಿನ್ ಖಾಲಿಯಾದರೆ ಹನ್ನೊಂದನೆಯದಕ್ಕೆ ಮುಂಚೆ ಬ್ಯಾರಲ್ ಬದಲಿಸಬೇಕು, ಆ ಎಣಿಕೆ ಅವನದು. ನಾನು ಒಂದು ದಿನವೂ ಎಣಿಸಲಿಲ್ಲ, ಅವನು ಪಕ್ಕದಲ್ಲಿದ್ದಾನೆಂಬ ಧೈರ್ಯ. ಮರೆಯುವುದು ಅವನ ಜಾಯಮಾನವೇ ಅಲ್ಲ, ಸುಶ್ಮಿತಾ. ನನ್ನ ತಾಯಿಯ ಮಂಡಿನೋವಿನ ಎಣ್ಣೆಯ ಹೆಸರು ನನಗೆ ನೆನಪಿರುತ್ತಿರಲಿಲ್ಲ, ಅವನಿಗಿರುತ್ತಿತ್ತು.

1996ರ ಸೆಪ್ಟೆಂಬರಿನಲ್ಲಿ ನಾನು ರಜೆ ಮುಗಿಸಿ ಹೊರಟಾಗ ನಿನ್ನ ಅಜ್ಜಿ ಸುಮಿತ್ರವ್ವ ನೂರಿಪ್ಪತ್ತು ಖಡಕ್ ರೊಟ್ಟಿ ಕಟ್ಟಿಕೊಟ್ಟಳು, ಜೊತೆಗೆ ಎರಡು ಡಬ್ಬಿ ಶೇಂಗಾ ಹಿಂಡಿ. ಅರ್ಧ ನನಗೆ, ಅರ್ಧ ಯೂಸುಫನಿಗೆ ಎಂದು ಎರಡು ಗಂಟು ಮಾಡಿದ್ದಳು. ನಾನು ಹೋಗಿ ಸೇರಿದ ಮರುದಿನವೇ ಮೂರು ತಿಂಗಳ ಪಾಳಿಗೆ ಮೇಲಿನ ಠಾಣೆಗೆ ಹತ್ತಬೇಕೆಂದು ಹುಕುಂ ಬಂತು. ಹಿಮದ ದಾರಿ, ಹೊರೆ ಮೊದಲೇ ಬೆನ್ನು ಮುರಿಯುವಷ್ಟಿತ್ತು. ಗಂಟು ಹಿಡಿಸಲು ಜಾಗವಿರಲಿಲ್ಲ. ಅವ್ವ ಒಲೆಯ ಮುಂದೆ ಎರಡು ದಿನ ಕೂತು ಬಡಿದ ರೊಟ್ಟಿಯನ್ನು ಕೆಳಗೆ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಬಿಡಿ ಬ್ಯಾರಲ್ ಸುಮಾರು ಮೂರು ಕಿಲೋ. ಯೂಸುಫನ ಚೀಲದಿಂದ ಅದನ್ನು ಎಳೆದು ತೆಗೆದವನು ನಾನು.

ಅವನು ಬೇಡವೆಂದ. "ಹಂಗ ಬಿಟ್ಟು ಹೋಗಾಕ ಬರಂಗಿಲ್ಲಲೇ ದೇವಾ, ಅದು ನನ್ನ ತಾಬಾದಾಗಿಂದು" ಎಂದ. ನಾನು, "ಮೂರು ತಿಂಗಳದಾಗ ಒಂದ್ ಗುಂಡು ಹಾರಿದ್ರ ಹೇಳು. ಹೊಟ್ಟಿ ಮಾತ್ರ ದಿನಾ ಹಸೀತೈತಿ" ಎಂದೆ. ಅವನಿಗಿಂತ ಒಂದು ವರ್ಷ ಮೊದಲು ಭರ್ತಿಯಾದವನು ನಾನು, ನಂಬರ್ ಒಂದು ಬೇರೆ. ಬ್ಯಾರಲ್ಲಿಗೆ ಕಂಬಳಿ ಸುತ್ತಿ ಕೆಳಗಿನ ಕ್ಯಾಂಪಿನ ಮಂಚದಡಿ ತಳ್ಳಿದೆ. ಅವನು ಅವ್ವನ ಗಂಟನ್ನು ಚೀಲಕ್ಕಿಟ್ಟು ಹಗ್ಗ ಬಿಗಿದ.

ಹತ್ತಿ ಹೋಗುವಷ್ಟರಲ್ಲಿ ರೊಟ್ಟಿಯೆಲ್ಲ ಚೂರಾಗಿದ್ದವು. ಆ ಚೂರನ್ನೇ ಬಿಸಿ ಚಹಾದಲ್ಲಿ ಅದ್ದಿ ಇಡೀ ಸೆಕ್ಷನ್ ತಿಂದಿತು. ಗಡ್ಡಕ್ಕೆ ಹಿಂಡಿ ಮೆತ್ತಿಕೊಂಡ ಪಂಜಾಬಿನವನೊಬ್ಬ ನಿನ್ನ ಅಜ್ಜಿಗೆ ಅಲ್ಲಿಂದಲೇ ಕೈ ಮುಗಿದ. ಖರೆ ಹೇಳಬೇಕೆಂದರೆ ನನ್ನ ನೌಕರಿಯಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ನಮ್ಮ ಮೂವರು ಗಸ್ತು ಮುಗಿಸಿ ಬರುವಾಗ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. ಎದುರಿನ ದಿಬ್ಬದಿಂದ ಗುಂಡು ಬರತೊಡಗಿತು. ಅವರು ತೆವಳಿ ಬಂಡೆಯ ಮರೆ ಸೇರುವವರೆಗೆ ಆ ದಿಬ್ಬದವರು ತಲೆ ಎತ್ತದಂತೆ ನಾವು ಹೊಡೆಯುತ್ತಲೇ ಇರಬೇಕು. ಎಲ್‌ಎಂಜಿ ಇರುವುದೇ ಅದಕ್ಕೆ. ಯೂಸುಫ ಎಣಿಸುತ್ತಿದ್ದ. ಹತ್ತು ಎಂದ. ನಾನು ನಿಲ್ಲಿಸಲಿಲ್ಲ. ಹನ್ನೆರಡು ಎಂದ. ಹದಿಮೂರನೆಯದರ ನಡುವೆ ಕಾವಿಗೆ ಗನ್ ನಿಂತಿತು. ಬದಲಿಸಲು ಬ್ಯಾರಲ್ ಇಲ್ಲ. ಇದ್ದುದನ್ನೇ ಬಿಚ್ಚಿ ಹಿಮದಲ್ಲಿ ತಣಿಸಿ ಮತ್ತೆ ಕೂರಿಸುವುದೊಂದೇ ದಾರಿ. ಆದರೆ ಬ್ಯಾರಲ್ಲಿನ ಹಿಡಿಕೆ ಮಂಜುಗಟ್ಟಿ ಅಂಟಿಕೊಂಡಿತ್ತು, ತಿರುಗಲಿಲ್ಲ. ಯೂಸುಫ ಬಲಗೈಯಿಂದ ಬ್ಯಾರಲನ್ನೇ ಬಿಗಿಯಾಗಿ ಹಿಡಿದು ತಿರುಗಿಸಿದ. ಉಣ್ಣೆಯ ಕೈಗವಸು ಸುಟ್ಟ ವಾಸನೆ ಬಂತು, ಆಮೇಲೆ ಬೇರೆ ವಾಸನೆ. ಅವನು ಕೂಗಲಿಲ್ಲ, ಬಿಡಲೂ ಇಲ್ಲ. ಎರಡು ನಿಮಿಷವೋ ಮೂರೋ ನಮ್ಮ ಗನ್ ಸುಮ್ಮನಿತ್ತು. ಮೂವರೂ ಜೀವಂತ ಬಂದರು, ಒಬ್ಬನ ಸೊಂಟದಲ್ಲಿ ಗುಂಡು ಹೊಕ್ಕಿತ್ತು.

ವಿಚಾರಣೆಯ ದಿನ ಯೂಸುಫ ಆಸ್ಪತ್ರೆಯಲ್ಲಿದ್ದ. ಬಿಡಿ ಬ್ಯಾರಲ್ ಯಾರ ಜವಾಬ್ದಾರಿ ಎಂದು ಸಾಹೇಬರು ನನ್ನನ್ನು ಕೇಳಿದರು. ನಂಬರ್ ಎರಡರದು ಎಂದೆ. ಮರೆತನೇ ಎಂದು ಕೇಳಿದರು. ನಾನು ಸುಮ್ಮನೆ ನಿಂತೆ, ಅವರು ಹೌದೆಂದು ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ ಎಂದು ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆನೋ ಲೆಕ್ಕವಿಲ್ಲ. ಆಮೇಲೆ ಅವನನ್ನೂ ಕೇಳಿದರಂತೆ. ಅವನು, ನಂಬರ್ ಒಂದು ಹೇಳಿದ್ದೇ ಸರಿ ಎಂದನಂತೆ. ಅವನ ದಾಖಲೆಯಲ್ಲಿ ಕೆಂಪು ಶಾಯಿ ಬಿತ್ತು. ಮಡಚದ ಮೂರು ಬೆರಳು ಹೊತ್ತು ಊರಿಗೆ ಬಂದ. ನನಗೆ ಅದೇ ವರ್ಷ ನಾಯಕ್ ಹುದ್ದೆಗೆ ಬಡ್ತಿ ಸಿಕ್ಕಿತು. ನಿವೃತ್ತನಾಗಿ ಊರು ಸೇರಿ ಇಷ್ಟು ವರ್ಷವಾದರೂ ಲಕ್ಷ್ಮೇಶ್ವರಕ್ಕೆ ಕಾಲಿಡಲಿಲ್ಲ. ನಿನ್ನ ಸೋದರಮಾವನ ಮಗಳ ಲಗ್ನ ಅಲ್ಲೇ ಆಯಿತು, ಆಗ ನನಗೆ ಜ್ವರ ಬಂದಿತ್ತಲ್ಲ, ಅದು ಬಂದಿರಲಿಲ್ಲ.

ಮೊನ್ನೆ ಗುರುವಾರ ಹೋದೆ. ಮುಂಡರಗಿಯಲ್ಲಿ ಬಸ್ ಹಿಡಿದು ಶಿರಹಟ್ಟಿ ಮೇಲೆ ಹಾದು ಹೋಗುವಾಗ ಎರಡು ಸಲ ಇಳಿದು ವಾಪಸು ಬರೋಣವೆನ್ನಿಸಿತು. ಗಾದಿ ಅಂಗಡಿಯಲ್ಲಿ ಹತ್ತಿ ಹಿಂಜುವ ಮಷೀನಿನ ಮುಂದೆ ಕೂತಿದ್ದ, ಗಡ್ಡದ ತುಂಬ ಹತ್ತಿ. ನೋಡಿದ ತಕ್ಷಣ ಗುರುತು ಹಿಡಿದ. ಮಷೀನ್ ನಿಲ್ಲಿಸಿ, "ಬಾ, ಕುಂಡ್ರು" ಎಂದು ಹೊಸ ಗಾದಿಯೊಂದನ್ನು ತೋರಿಸಿದ. ಅವನ ಹೆಂಡತಿ ದಾವಲಬಿ ಚಹಾ ತಂದಳು. ನಾನು ನಿನ್ನ ಟಿಪ್ಪಣಿಯ ಸಂಗತಿ ಹೇಳಿದೆ, ಮಂಚದಡಿಯ ಬ್ಯಾರಲ್ಲಿನ ಸಂಗತಿ ಹೇಳಿದೆ, ನನ್ನ ತಪ್ಪು ಎಂದೆ. ಅಷ್ಟನ್ನೂ ದಾವಲಬಿಯ ಎದುರಿಗೇ ಹೇಳಿದೆ. ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಯೂಸುಫ ಗಡ್ಡದ ಹತ್ತಿ ಕೊಡವಿಕೊಂಡ. ಆಮೇಲೆ, "ನನಗ್ಯಾಕ ಹೇಳ್ತಿ? ನಾ ಅಲ್ಲೇ ಇದ್ನಲ್ಲ. ಗೊತ್ತಿಲ್ಲದವರಿಗೆ ಹೇಳು, ನಿನ್ನ ಮಗಳಿಗೆ ಹೇಳು" ಎಂದ. ಅವನು ಅಂದು ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದೆ. "ನೀನಾಗೇ ಹೇಳ್ತಿ ಅಂತ ಕಾಯ್ದೆ. ಆಸ್ಪತ್ರ್ಯಾಗ ಕಾಯ್ದೆ, ಊರಿಗೆ ಬಂದ ಮ್ಯಾಲೂ ಕಾಯ್ದೆ. ಆಮ್ಯಾಲೆ ಬಿಟ್ಟೆ" ಎಂದ. ಸಿಟ್ಟಿನಿಂದಲ್ಲ, ಬಸ್ಸಿಗೆ ಕಾದು ಬಾರದಿದ್ದಾಗ ಹೇಳುವ ಹಾಗೆ ಹೇಳಿದ. ನನಗೆ ಅಳು ಬಂತು. ಐವತ್ತೈದರ ಗಂಡಸು ಅವರ ಗಾದಿಯ ಮೇಲೆ ಕೂತು ಅತ್ತೆ.

ಆಮೇಲೆ ಅವನೇ ನಿನ್ನ ಗನ್ನಿನ ವಿಷಯ ಎತ್ತಿದ. ಈಗಿನದು ಪಟ್ಟಿಯಿಂದ ಗುಂಡು ನುಂಗುತ್ತದೆಯೋ ಡಬ್ಬಿಯಿಂದಲೋ, ಎಷ್ಟು ಕಿಲೋ ಎಂದೆಲ್ಲ ಕೇಳಿದ. ನಿನಗೆ ಹೇಳಲು ಹೇಳಿದ್ದನ್ನು ಬರೆಯುತ್ತೇನೆ. ಬದಲಿಸುವ ಬ್ಯಾರಲ್ ಇಡುವುದಾದರೆ ಹಿಡಿಕೆಯನ್ನು ಹಿಮ ಮೆತ್ತಿದ ದಪ್ಪ ಕೈಗವಸಿನಲ್ಲಿ, ಅದೂ ಎಡಗೈಯಲ್ಲಿ ತಿರುಗಿಸಿ ನೋಡಬೇಕು. ತಿರುಗದಿದ್ದರೆ ಆ ಹಿಡಿಕೆ ಬೇಡ. ಬಿಚ್ಚಲಾಗದ ಬ್ಯಾರಲ್ ಇಡುವುದಾದರೆ ಎಷ್ಟು ಗುಂಡಿಗೆ ಅದು ಕೈಕೊಡುತ್ತದೆ ಎಂದು ಸಿಪಾಯಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಭಾರವನ್ನು ಮೊದಲೇ ಸೆಕ್ಷನ್ನಿನ ಎಲ್ಲರಿಗೂ ಹಂಚಿಡಬೇಕು, ಒಬ್ಬನ ಬೆನ್ನಿಗೆ ಹೇರಿದ್ದನ್ನು ಇನ್ನೊಬ್ಬ ಯಾವತ್ತಾದರೂ ಇಳಿಸಿಬಿಡುತ್ತಾನೆ. ನೀನು ಕಲಿತವಳು, ಯಾವ ಬ್ಯಾರಲ್ ಎಂಬುದನ್ನು ನೀನೇ ತೀರ್ಮಾನಿಸು. ಆದರೆ ಸಿಪಾಯಿ ಮರೆಯುತ್ತಾನೆ ಎಂಬ ಕಾರಣಕ್ಕೆ ಮಾತ್ರ ತೀರ್ಮಾನಿಸಬೇಡ. ಅವನು ಮರೆಯಲಿಲ್ಲ. ಹಸಿವಿನ ಲೆಕ್ಕ ಹಾಕಿ ಅವನ ನಂಬರ್ ಒಂದು ಅದನ್ನು ತೆಗೆದಿಟ್ಟ. ಹಾಗೆಯೇ ಬರೆ, ನನ್ನ ಹೆಸರು ಹಾಕಿ ಬರೆ.

ಇದನ್ನು ಓದಿ ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಬರಲಿ. ನಿನ್ನ ಕಣ್ಣಲ್ಲಿ ಸಣ್ಣವನಾಗುವ ಹೆದರಿಕೆಯಿಂದಲೇ ಮೂರು ದಿನ ಕಾಗದ ಮುಟ್ಟಲಿಲ್ಲ. ಒಂದು ವಾರ ಫೋನ್ ಮಾಡಬೇಡ ಅನ್ನಿಸಿದರೆ ಮಾಡಬೇಡ. ಆಮೇಲಾದರೂ ಮಾಡವ್ವ.

ನಿನಗೆ ಸುಳ್ಳು ಕಥೆ ಹೇಳಿ ಬೆಳೆಸಿದ, ಆದರೂ ನಿನ್ನವನೇ ಆದ

ಅಪ್ಪ
ದೇವೇಂದ್ರಪ್ಪ

ತಾ.ಕ.: ಸೋಮವಾರ, ಲಕ್ಷ್ಮೇಶ್ವರ. ಅಂಚೆಗೆ ಹಾಕುವ ಮುಂಚೆ ಈ ಪತ್ರವನ್ನು ಯೂಸುಫನಿಗೆ ಪೂರ್ತಿ ಓದಿ ಕೇಳಿಸಿದೆ. ನನ್ನ ಸಹಿಯ ಮೇಲೆ ಒಂದು ಸಾಲನ್ನು ಶಾಯಿಯಿಂದ ಅಳಿಸಿರುವುದು ನಿನಗೆ ಕಾಣಬಹುದು. ಯೂಸುಫ ನನ್ನನ್ನು ಕ್ಷಮಿಸಿದ್ದಾನೆ ಎಂದು ಅಲ್ಲಿ ಬರೆದಿದ್ದೆ. ಅವನು ತಡೆದು, "ಅದನ್ನ ನಾ ಯಾವಾಗ ಅಂದೆ?" ಎಂದು ಕೇಳಿದ. ಅವನು ಅಂದಿರಲಿಲ್ಲ. ಅವನ ಎದುರಿಗೇ ಹೊಡೆದು ಹಾಕಿದೆ. ಆಮೇಲೆ ಪೆನ್ನು ಇಸಿದುಕೊಂಡು ಕೆಳಗೆ ತಾನೇ ಬರೆದಿದ್ದಾನೆ. ಎಡಗೈ ಬರಹ, ನಿಧಾನ ಓದು.

ಉಳಿದದ್ದು ಖರೆ ಐತಿ.
ಯೂಸುಫ, ನಂಬರ್ ಎರಡು