ನಡುಗೇಟಿನ ಚೈನು

ನವೆಂಬರ್ 4, ಮಂಗಳವಾರ. ಸಂಜೆ

ಇವತ್ತು ನನ್ನ ಲೇಡೀಸ್ ಸಾಲಿನಲ್ಲೇ ಆರುನೂರಕ್ಕೂ ಹೆಚ್ಚು ಬ್ಯಾಗ್. ಬೆರಳ ತುದಿಯೆಲ್ಲ ಜಿಪ್ ಎಳೆದೂ ಎಳೆದೂ ಉರಿ. ನಮ್ಮ ಪಾರ್ಕಿನ ಗೇಟಿಗೆ ಸ್ಕ್ಯಾನಿಂಗ್ ಮೆಷಿನ್ ಬಂದು ಎಂಟು ದಿನ. ಎಲ್ಲೋ ದೂರದ ಪಾರ್ಕ್‌ನಲ್ಲಿ ಯಾರೋ ಯಾರಿಗೋ ಚಾಕು ಹಾಕಿದರಂತೆ, ಇಲ್ಲಿ ನಮ್ಮ ಪ್ರಾಣ ತಿನ್ನುತ್ತಿದ್ದಾರೆ. ಬ್ಯಾಗು ಮೆಷಿನ್ನಿಗೆ, ಜನ ಮೆಟಲ್ ಡಿಟೆಕ್ಟರ್ ಕಮಾನಿನ ಅಡಿಗೆ, ಕಮಾನು ಕೂಗಿದರೆ ಹೆಂಗಸರು ನನ್ನ ಪರದೆಯ ಹಿಂದಕ್ಕೆ. ಛತ್ರಿ ಒಳಗೆ ಬಿಡುವ ಹಾಗಿಲ್ಲ. ಸೆಲ್ಫಿ ಕೋಲಿಲ್ಲ. ಗಾಜಿನ ಬಾಟಲಿ, ಕತ್ತರಿ, ಏನೂ ಇಲ್ಲ.

"ನಾವೇನು ಕಳ್ಳರಾ?" — ಬೆಳಿಗ್ಗೆಯಿಂದ ಇದೊಂದೇ ಮಾತು. ಒಬ್ಬಳು ಲಿಪ್‌ಸ್ಟಿಕ್ ತೆಗೆದು ನನ್ನ ಮೂಗಿಗೆ ಹಿಡಿದಳು, "ಇದರಲ್ಲೂ ಬಾಂಬ್ ಇದೆಯಾ ನೋಡಿ" ಅಂತ. ನೋಡಿದೆ. ಮುಚ್ಚಳ ತೆಗೆದು, ತಿರುಗಿಸಿ, ಪೂರ್ತಿ ನೋಡಿದೆ. ಹಿಂದಿದ್ದ ಅಜ್ಜಿ ಮಾತ್ರ ಎರಡೂ ಕೈ ಎತ್ತಿ ನಿಂತು, "ಚೆನ್ನಾಗಿ ನೋಡಮ್ಮ, ಬಿಡಬೇಡ ಯಾರನ್ನೂ. ಈಗ ನೆಮ್ಮದಿ" ಅಂದಿತು. ಇಡೀ ದಿನಕ್ಕೆ ಅದೊಂದು ಒಳ್ಳೆಯ ಮಾತು.

ನವೆಂಬರ್ 6, ಗುರುವಾರ. ಸಂಜೆ

ಗಂಡಸರ ಸಾಲಿನ ನನ್ನ ಜೊತೆಗಾರನಿಗೆ ಎಲ್ಲರೂ ಬೀಪಣ್ಣ ಅಂತಲೇ ಕರೆಯುವುದು. ಕಮಾನು ಕೂಗುವ ಮೊದಲೇ ತಾನೇ ಬಾಯಲ್ಲಿ "ಬೀಪ್" ಅಂದುಬಿಡುತ್ತಾನೆ. ಅರ್ಧ ಜನ ಬೆಲ್ಟ್ ಬಿಚ್ಚಿ ಕೈಗೆ ಕೊಡುತ್ತಾರೆ. ಒಳ್ಳೆಯವನು, ಆದರೆ ರೂಲ್ ಪುಸ್ತಕದಲ್ಲಿ ಇದೆ ಅಂದರೆ ಸ್ವಂತ ಅಪ್ಪನ ಊರುಗೋಲನ್ನೂ ಕಿತ್ತಿಟ್ಟುಕೊಳ್ಳುವ ಜಾತಿ.

ಇವತ್ತು ಒಬ್ಬ ಮಹಾಶಯ ಹೆಂಡತಿಯ ಕಡೆ ಕೈ ತೋರಿಸಿ, "ಇವಳನ್ನ ಹಿಡ್ಕೊಳ್ಳಿ ಮೇಡಂ, ಮನೇಲಿ ದಿನಾ ಸಿಡೀತಾಳೆ" ಅಂದ. ಸಾಲೆಲ್ಲ ಘೊಳ್ ಅಂತ ನಕ್ಕಿತು. ನಾನು ನಗಲಿಲ್ಲ. ಬಾಂಬ್ ಗೀಂಬ್ ಅಂತ ತಮಾಷೆ ಮಾಡಿದವರನ್ನು ಪಕ್ಕಕ್ಕೆ ನಿಲ್ಲಿಸಬೇಕು ಅಂತ ರೂಲಿದೆ. ನಿಲ್ಲಿಸಿದೆ. ಮುಕ್ಕಾಲು ಗಂಟೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿಯೇಬಿಟ್ಟಳು, ಹಿಂತಿರುಗಿ ಕೂಡ ನೋಡಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನವೆಂಬರ್ 9, ಭಾನುವಾರ. ಸಂಜೆ

ಸಾಕಪ್ಪಾ ಸಾಕು. ಬಸ್ ನಿಲ್ಲುವ ಜಾಗದಿಂದ ನಮ್ಮ ಕಮಾನಿನವರೆಗೆ ಇಳಿಜಾರು. ಆ ಇಳಿಜಾರಿಗೆ ಎರಡೂ ಕಡೆ ಕಬ್ಬಿಣದ ಕಂಬಿ ಹಾಕಿ, ಐದು ತಿರುವು ಕೊಟ್ಟು, ಮೇಲೊಂದು ತಗಡು ಹೊದಿಸಿದ್ದಾರೆ. ಮೊದಲು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಸಾಲು ಈಗ ಎರಡು ಗಂಟೆ. ಮೂರನೇ ತಿರುವಿನಲ್ಲಿ ಒಂದು ಗೇಟ್ ಇದೆ, ನಡುಗೇಟು. ಸುಸ್ತಾದವರು ಹೊರಗೆ ಹೋಗಲಿ ಅಂತ ಇಟ್ಟದ್ದು. ನಮ್ಮ ಜನ ಬುದ್ಧಿವಂತರು! ಅದೇ ಗೇಟಿನಿಂದ ಒಳಗೆ ನುಸುಳುತ್ತಿದ್ದಾರೆ. ನಾನೊಬ್ಬಳೇ ಹನ್ನೊಂದು ಮಂದಿಯನ್ನು ಹಿಡಿದೆ. ಸಾಲಿನಲ್ಲಿ ಬೆಂದವರು ಬೈದದ್ದು ನುಸುಳಿದವರನ್ನಲ್ಲ, ನನ್ನನ್ನು!

ನವೆಂಬರ್ 10, ಸೋಮವಾರ

ಬೆಳಿಗ್ಗೆ ಮೀಟಿಂಗ್. ಗೇಟ್ ಇನ್‌ಚಾರ್ಜ್ ಸರ್ ಕೇಳಿದರು, ಏನಾದರೂ ಸಲಹೆ? ಎಲ್ಲರೂ ನೆಲ ನೋಡಿದರು. ನಾನು ಎದ್ದು ನಿಂತೆ. ನಡುಗೇಟಿಗೆ ಚೈನ್ ಸುತ್ತಿ ಬೀಗ ಹಾಕಿಬಿಡಿ ಸರ್, ಕೀ ನಿಮ್ಮ ಹತ್ತಿರವೇ ಇರಲಿ, ಇಲ್ಲಿದ್ದರೆ ಯಾರಾದರೂ ಕಾಡಿಬೇಡಿ ತೆಗೆಸಿಕೊಳ್ಳುತ್ತಾರೆ ಅಂದೆ. ಸರ್ ಚಪ್ಪಾಳೆ ತಟ್ಟಿದರು. ಮಧ್ಯಾಹ್ನದೊಳಗೆ ಚೈನು ಬಿತ್ತು. ಕೀ ಒಳಗಿನ ಆಫೀಸಿನಲ್ಲಿ, ಫಾರ್ಮ್ ತುಂಬಿ ಸರ್ ಸೈನ್ ಹಾಕಿದರೆ ಮಾತ್ರ.

ನವೆಂಬರ್ 13, ಗುರುವಾರ

ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ! ತಿಂಗಳ ಉತ್ತಮ ಸಿಬ್ಬಂದಿ. ಕಣ್ಣು ಅರ್ಧ ಮುಚ್ಚಿಕೊಂಡಿದೆ, ಇರಲಿ. ಮಗಳು ಮರಿಗೆ ಮೊಬೈಲಲ್ಲಿ ತೋರಿಸಿದೆ. ಒಂಬತ್ತು ವರ್ಷದ ಹುಡುಗಿ, ಕ್ಲಾಸಿಗೆಲ್ಲ ಡಂಗುರ ಹೊಡೆದುಬಂದಿದ್ದಾಳೆ: "ನಮ್ಮಮ್ಮ ಹೂಂ ಅಂದ್ರೇನೇ ಪಾರ್ಕ್ ಒಳಗೆ ಹೋಗೋಕಾಗೋದು." ಅವಳ ಜಂಭ ನೋಡಿ ನನಗೂ ಸ್ವಲ್ಪ ಜಂಭ ಬಂತು.

ನವೆಂಬರ್ 16, ಭಾನುವಾರ

ಮೂರನೇ ತಿರುವಿನಲ್ಲಿ ಒಬ್ಬ ಹೆಂಗಸು ತಲೆ ಸುತ್ತಿ ಬಿದ್ದಳು. ಬಿದ್ದಳು ಅನ್ನುವ ಹಾಗೂ ಇಲ್ಲ, ಬೀಳಲು ಜಾಗವೇ ಇರಲಿಲ್ಲ. ನಿಂತಲ್ಲೇ ಕುತ್ತಿಗೆ ವಾಲಿತು. ನಡುಗೇಟು ಎರಡು ಹೆಜ್ಜೆ ದೂರ. ಚೈನು. ಬೀಪಣ್ಣ ಕೀ ತರಲು ಓಡಿದ. ಹೋಗಲು ಎಂಟು ನಿಮಿಷ, ಬರಲು ಎಂಟು, ಫಾರ್ಮಿಗೆ ಬೇರೆ. ಕಾಯಲಿಲ್ಲ. ಜನ ಅವಳನ್ನು ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ನನ್ನ ಮೇಜಿನ ಮೇಲೆ ಮಲಗಿಸಿದರು. ಎಚ್ಚರವಾಯಿತು. ನೀರು ಕುಡಿದಳು. ಆಮೇಲೆ ಅವಳ ಬ್ಯಾಗ್ ಚೆಕ್ ಮಾಡಿದೆ.

ನಿಜವಾಗಿಯೂ ಚೆಕ್ ಮಾಡಿದೆ.

ನವೆಂಬರ್ 24, ಸೋಮವಾರ

ಎಂಟು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕಲ್ಲ.

ನಿನ್ನೆ ಭಾನುವಾರ ಇನ್ನೂ ಹೆಚ್ಚು ಜನ. ಸಂಜೆ ಗೇಟ್ ಮುಚ್ಚಿದ ಮೇಲೆ ಕಂಬಿಗಳ ನಡುವೆ ನಡೆದೆ. ಒಂಟಿ ಚಪ್ಪಲಿಗಳು. ಇಪ್ಪತ್ತರ ತನಕ ಎಣಿಸಿ ಬಿಟ್ಟೆ. ಮೂರನೇ ತಿರುವಿನ ಕಂಬಿ ಹೊರಗಡೆಗೆ ಬಾಗಿದೆ. ಕಂಬಿ ಹಾಕಿದ ವೆಲ್ಡಿಂಗ್ ಮಾಮ ಅಲ್ಲೇ ಕೂತು ಅದನ್ನು ನೋಡುತ್ತಿದ್ದರು. ಮೆಲ್ಲಗೆ ಅಂದರು: "ಜನ ನಿಂತ್ಕೊಳ್ಳೋಕೆ ಅಂತ ಮಾಡಿದ್ದು ಕಣಮ್ಮ ಇದು. ತಳ್ಳೋಕಲ್ಲ. ಮೇಲಿಂದ ಇಳಿಜಾರು ಬೇರೆ. ಹಿಂದಿನವರಿಗೆ ಮುಂದೆ ಏನಾಗ್ತಿದೆ ಅಂತ ಕಾಣಲ್ಲ, ಇನ್ನೂ ತಳ್ತಾರೆ. ಆ ಗೇಟಿಗೆ ಚೈನ್ ಹಾಕಿದ ಪುಣ್ಯಾತ್ಮ ಯಾರು?"

ನಾನು ಬಗ್ಗಿ ಚಪ್ಪಲಿಗಳನ್ನು ಹೆಕ್ಕತೊಡಗಿದೆ.

ಇವತ್ತು ಬೆಳಿಗ್ಗೆ ಸರ್ ಹತ್ತಿರ ಹೋದೆ. ಚೈನ್ ತೆಗೆಸಿ ಸರ್, ಭಯವಾಗುತ್ತಿದೆ. ಸರ್ ನಕ್ಕರು. "ನಿಮ್ಮದೇ ಐಡಿಯಾ ಅಲ್ವೇನ್ರೀ? ಫೋಟೋ ಹಾಕ್ಸಿದ್ದೀವಿ! ಶನಿವಾರ ಮೇಲಿನವರು ಸೆಕ್ಯುರಿಟಿ ನೋಡೋಕೆ ಬರ್ತಿದ್ದಾರೆ. ಅವರು ಹೋಗೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ. ಆಮೇಲೆ ನೋಡೋಣ." ಟೇಬಲ್ ಮೇಲೆ ಜನ ಬರೆದ ಅಭಿಪ್ರಾಯದ ಚೀಟಿಗಳ ಕಟ್ಟು. ಓದಿ ತೋರಿಸಿದರು: 'ತಡವಾದರೂ ಪರವಾಗಿಲ್ಲ, ಮಕ್ಕಳ ಜೊತೆ ಬರಲು ಈಗ ಧೈರ್ಯ.' 'ಇಷ್ಟು ಚೆಕ್ ಮಾಡುವ ಪಾರ್ಕ್ ಬೇರೆ ಇಲ್ಲ.' ಇಂಥವೇ ಹತ್ತಾರು. ಬೈದು ಬರೆದ ಚೀಟಿಗಳೂ ಇದ್ದವು, ಅವನ್ನು ಓದಲಿಲ್ಲ.

ನವೆಂಬರ್ 25, ಮಂಗಳವಾರ. ಸಂಜೆ

ಮರಿ ಕುಣಿಯುತ್ತಾ ಬಂದಳು. ಸ್ಕೂಲ್ ಟೂರು. ಶನಿವಾರ. ನಮ್ಮ ಪಾರ್ಕಿಗೆ!

ಆ ದಿನ ಇನ್ನೂ ನಾಲ್ಕು ಸ್ಕೂಲು ಬರುತ್ತವೆ, ಲಿಸ್ಟ್ ನೋಡಿದ್ದೇನೆ.

ಹೋಗಬೇಡ ಅಂದೆ. ಯಾಕೆ? ಸುಮ್ಮನೆ. ಸುಮ್ಮನೆ ಅಂದರೆ ಯಾಕೆ? ರೇಗಿದೆ. ಅವಳು ಅತ್ತಳು. "ಎಲ್ಲರಿಗೂ ನಮ್ಮಮ್ಮನೇ ಬಿಡ್ತಾಳೆ ಅಂತ ಹೇಳಿದ್ದೀನಿ. ನನ್ನನ್ನೇ ಬಿಡಲ್ವಾ?" ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಮಗು ಆಸೆಪಡ್ತಿದೆ, ನೀನು ಅಲ್ಲೇ ಇರ್ತೀಯಲ್ಲ, ಏನು ಹುಲಿ ತಿನ್ನುತ್ತಾ?"

ಒಪ್ಪಿಗೆ ಚೀಟಿಗೆ ಸೈನ್ ಹಾಕಲಿಲ್ಲ.

ನವೆಂಬರ್ 26, ಬುಧವಾರ. ಊಟದ ಹೊತ್ತು

ಮರಿಯ ಟೀಚರಿಗೆ ಫೋನ್ ಮಾಡಿದೆ. ಬೇರೆ ದಿನ ಇಟ್ಟುಕೊಳ್ಳಿ ಮೇಡಂ, ಶನಿವಾರ ರಶ್ಶು. ಟೀಚರ್ ನಗುತ್ತಾ, "ಅಯ್ಯೋ, ನೀವು ಗೇಟಲ್ಲಿದ್ದೀರಿ ಅಂತಾನೇ ನಿಮ್ಮ ಪಾರ್ಕ್ ಆರಿಸಿದ್ದು! ಪೇರೆಂಟ್ಸ್‌ಗೂ ಅದನ್ನೇ ಹೇಳಿದ್ದೀವಿ. ಅಂದಹಾಗೆ ಚೀಟಿ ತಲುಪಿತು, ನಿಮ್ಮತ್ತೆ ಸೈನ್ ಹಾಕಿ ಕಳಿಸಿದ್ದಾರೆ."

ನಲವತ್ತೆರಡು ಮಕ್ಕಳು. ನನ್ನ ಮಗಳನ್ನು ಉಳಿಸಿಕೊಂಡರೂ ನಲವತ್ತೊಂದು. ಇದು ಮನೆಯಲ್ಲಿ ಜಗಳವಾಡಿ ತೀರುವ ಮಾತಲ್ಲ.

ನವೆಂಬರ್ 27, ಗುರುವಾರ. ಸಂಜೆ

ವೆಲ್ಡಿಂಗ್ ಮಾಮನಿಗೆ ಎಲ್ಲ ಹೇಳಿಬಿಟ್ಟೆ. ಚೈನ್ ಹಾಕಿಸಿದ ಪುಣ್ಯಾತ್ಮಳು ನಾನೇ ಅಂತಲೂ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡ್ಡ ಕೆರೆದುಕೊಂಡು, "ಚೈನು ಎಷ್ಟು ದಪ್ಪ? ಹೆಬ್ಬೆರಳಷ್ಟಾ? ಎರಡು ನಿಮಿಷದ ಕೆಲಸ. ಶನಿವಾರ ಹತ್ತಕ್ಕೆಲ್ಲ ಕಟ್ಟರ್ ತರ್ತೀನಿ. ಕೇಳಿದ್ರೆ ಕಂಬಿ ರಿಪೇರಿ ಅಂತೀನಿ" ಅಂದರು. ನಾಳೆಯೇ ಕತ್ತರಿಸಿದರೆ ಸರ್ ಸಂಜೆಯೊಳಗೆ ಹೊಸದು ಸುತ್ತಿಸುತ್ತಾರೆ. ಶನಿವಾರ ಬೆಳಿಗ್ಗೆಯೇ ಸರಿ, ಮೇಲಿನವರ ಹಿಂದೆ ಮುಂದೆ ಓಡಾಡುವುದರಲ್ಲಿ ಸರ್‌ಗೆ ಪುರುಸೊತ್ತಿರುವುದಿಲ್ಲ.

ಟೀಚರಿಗೆ ಹೇಳಿದ್ದೇನೆ: ಹನ್ನೊಂದೂವರೆಗೆ ಮೊದಲು ಮಕ್ಕಳನ್ನು ಬಸ್ಸಿನಿಂದ ಇಳಿಸಬೇಡಿ. ಹೂಂ ಹೂಂ ಅಂದರು.

ಕೆಲಸ ಹೋಗುತ್ತದೆ. ಹೋಗಲಿ.

ನವೆಂಬರ್ 28, ಶುಕ್ರವಾರ. ಸಂಜೆ

ಮರಿ ಹಳದಿ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದಾಳೆ, ಸ್ಕೂಲಿನವರು ಕೊಟ್ಟದ್ದು. ನನ್ನೊಂದಿಗೆ ರಾಜಿಯಾಗಿದ್ದಾಳೆ. "ಅಮ್ಮಾ, ನಾಳೆ ನನ್ನನ್ನೂ ಪೂರ್ತಿ ಚೆಕ್ ಮಾಡ್ಬೇಕು, ಎಲ್ಲರ ಮುಂದೆ. ಗುರುತಿಲ್ಲದವಳ ತರ ಇರ್ಬೇಕು, ನಗಬಾರ್ದು." ಆಯ್ತಮ್ಮ ಮಹಾರಾಣಿ ಅಂದೆ. ಗಟ್ಟಿಯಾಗಿ ಅಪ್ಪಿಕೊಂಡೆ, "ಉಸಿರು ಕಟ್ತಿದೆ, ಬಿಡಮ್ಮಾ" ಅಂದಳು.

ನವೆಂಬರ್ 29, ಶನಿವಾರ. ಬೆಳಿಗ್ಗೆ 7:50

ಗೇಟ್ ತೆರೆಯಲು ಇನ್ನೂ ಒಂದು ಗಂಟೆ. ಆಗಲೇ ಎರಡನೇ ತಿರುವಿನವರೆಗೆ ಜನ. ಸರ್ ಹೊಸ ಶರ್ಟ್ ಹಾಕಿದ್ದಾರೆ. "ಇವತ್ತು ಒಂದು ಸೇಫ್ಟಿ ಪಿನ್ನೂ ಒಳಗೆ ಹೋಗಬಾರದು" ಅಂದರು. ಮೊಬೈಲ್‌ಗಳನ್ನು ಲಾಕರಿಗೆ ಹಾಕಿಸಿದ್ದಾರೆ, ಬ್ರೇಕಿನಲ್ಲಿ ಮಾತ್ರ ತೆಗೆಯಬಹುದು. ಈ ಡೈರಿ ಪುಸ್ತಕವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

10:40. ಪರದೆಯ ಹಿಂದೆ

ಹತ್ತು ನಿಮಿಷ ಬ್ರೇಕ್. ಸುಮ್ಮನೆ ಕೂತು ಕಾಯಲಾಗದೆ ಬರೆಯುತ್ತಿದ್ದೇನೆ.

ಮಾಮ ಬಂದರು. ಹೇಳಿದ ಹೊತ್ತಿಗೇ ಬಂದರು. ಆದರೆ ಮೇಲಿನವರು ಬಂದಿದ್ದಾರೆ ಅಂತ ನಡುಗೇಟಿನ ಹೊರಗಡೆಯ ದಾರಿಯನ್ನೂ ಸ್ಟಾಫ್ ಗೇಟನ್ನೂ ಮುಚ್ಚಿಸಿದ್ದಾರೆ, ಮೇಲಿನಿಂದ ಸಾಲಿನೊಳಕ್ಕೂ ಬಿಡಲಿಲ್ಲ. ಸುತ್ತಿಕೊಂಡು ಈ ಕಡೆ ಬಂದರೆ, ಅವರ ಚೀಲವನ್ನೂ ಮೆಷಿನ್ನಿಗೆ ಹಾಕಿಸಿದ ಬೀಪಣ್ಣ. ಮೆಷಿನ್ನಿನ ಸ್ಕ್ರೀನ್ ಮೇಲೆ ಕಟ್ಟರ್ ಕಾಣಿಸಿತು. ನಾನು ಈ ಕಡೆಯಿಂದ ಕಣ್ಣು ಸನ್ನೆ ಮಾಡುತ್ತಲೇ ಇದ್ದೆ, ಅವನು ನೋಡಲೇ ಇಲ್ಲ. ರೆಡ್ ಹ್ಯಾಂಡಾಗಿ ಹಿಡಿದು, ಚೀಟಿ ಅಂಟಿಸಿ, ಮೇಲಿನವರ ಕಣ್ಣೆದುರೇ ಒಳಗಿನ ಆಫೀಸಿಗೆ ಕಳಿಸಿಬಿಟ್ಟ. 'ಆಯುಧ' ಅಂತ ಬರೆದಿದ್ದಾನೆ. ಮೇಲಿನವರು ಬೆನ್ನು ತಟ್ಟಿದರು. ಮಾಮನನ್ನು ಪಕ್ಕಕ್ಕೆ ನಿಲ್ಲಿಸಿದ್ದಾರೆ.

ಬೀಪಣ್ಣನ ಕಿವಿಯಲ್ಲಿ ಎಲ್ಲ ಹೇಳಿದೆ. ಕಾಲಿಗೆ ಬೀಳುತ್ತೇನೆ ಕೀ ತಾ ಅಂದೆ. ಫಾರ್ಮ್ ತುಂಬಿಸಿಕೊಂಡು ಓಡಿದ್ದಾನೆ, 10:25ಕ್ಕೆ. ಸರ್ ಸೈನ್ ಹಾಕಿದರೆ ಹನ್ನೊಂದರೊಳಗೆ ಕೀ ಬರುತ್ತದೆ. ಹಾಕದಿದ್ದರೆ ಮೆಷಿನ್ ಆಫ್ ಮಾಡಿ ಎಲ್ಲರನ್ನೂ ಹಾಗೇ ಒಳಗೆ ಬಿಡುತ್ತೇನೆ, ಆಗಿದ್ದಾಗಲಿ. ಮಕ್ಕಳು ಬರುವುದು ಹನ್ನೊಂದೂವರೆಗೆ. ಟೈಮ್ ಇದೆ. ಇನ್ನೂ ಟೈಮ್ ಇದೆ.

ಹೊರಗೆ ಕೂಗು ಜೋರಾಗಿದೆ. ಬೈಗುಳ ಅಲ್ಲ ಇದು, ಬೈಗುಳ ನನಗೆ ಗೊತ್ತು.

ಮೊಬೈಲ್ ನೋಡಿದೆ. ಟೀಚರ್ ಮೆಸೇಜು. 'ಬೇಗ ಬಂದ್ವಿ ಮೇಡಂ! ಬಸ್ ನಿಲ್ಲಿಸೋಕೆ ಬಿಡಲಿಲ್ಲ, ಅದಕ್ಕೇ ಸಾಲಿಗೇ ಬಂದುಬಿಟ್ವಿ. ಇಲ್ಲೊಂದು ಗೇಟ್ ಇದೆ, ಚೈನ್ ಹಾಕಿದ್ದಾರೆ. ತೆಗೆಸೋಕೆ ಯಾರಿಗೆ ಹೇಳ್ಬೇಕು?' ಜೊತೆಗೊಂದು ಫೋಟೋ. ಹಳದಿ ಟೋಪಿಗಳು. ಮರಿ ಎಲ್ಲರಿಗಿಂತ ಮುಂದೆ, ಹಲ್ಲು ಕಿರಿದು, ಬೆನ್ನು ಗೇಟಿಗೆ ಒತ್ತಿಕೊಂಡು.

ಫೋಟೋ ಬಂದದ್ದು 10:19ಕ್ಕೆ. ಈಗ